ಕುಂಕುಮ ಹಚ್ಚಿದ ಎಫ್-ಒಂಬತ್ತು

ಕಂಪ್ಯೂಟರಿಗೆ ಏನಾಗುತ್ತದೆ ಅಂತ ನನಗೆ ತಿಳಿಯುತ್ತದೆ. ಅದರ ಮುಂದೆ ಕೂತವರಿಗೆ ಏನಾಗುತ್ತದೆ ಅಂತ ಇವತ್ತಿಗೂ ತಿಳಿದಿಲ್ಲ. ಕಾರವಾರದ ಸಣ್ಣ ಪ್ರೆಸ್ಸೊಂದಕ್ಕೆ ಸೇರಿದಾಗ ಮಾಲಕರು, ದಸರೆಯವರೆಗೆ ತಪ್ಪಿಲ್ಲದೆ ನಡೆದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದಿದ್ದರು. ಅಪ್ಪ ಆಗಲೇ ಕೇರಿಗೆಲ್ಲ ಪೇಡೆ ಹಂಚಿ ಕೂತಿದ್ದ.

೧. ಗುಂಡಿ

ಮದುವೆ ಕಾಗದಕ್ಕೆಲ್ಲ ಮೇಲೆ ದೇವರ ಹೆಸರು, ಕೆಳಗೆ 'ನಮ್ಮ ಅಕ್ಕನ ಮದುವೆಗೆ ತಪ್ಪದೇ ಬನ್ನಿ – ಪುಟಾಣಿಗಳು'. ದಿನಾ ಇದನ್ನೇ ಕುಟ್ಟಿ ಬೇಜಾರಾಗಿ ಕಂಪ್ಯೂಟರೇ ಅದನ್ನು ಕುಟ್ಟುವ ಹಾಗೆ ಒಂದು ಸ್ಕ್ರಿಪ್ಟ್ ಬರೆದೆ. ನಾವು ಅಕ್ಷರ ಕುಟ್ಟುವ ಎಡಿಟರ್ ಪ್ರೋಗ್ರಾಮಿನಲ್ಲಿ ಹೊಸ ಕಮಾಂಡ್ ಮಾಡಿ ಅದನ್ನು ಕೀಬೋರ್ಡಿನ ಎಫ್-ಒಂಬತ್ತು ಗುಂಡಿಗೆ ಕಟ್ಟಿದೆ. ಒತ್ತಿದರೆ ಆ ಸಾಲುಗಳು ತಾವೇ ಸೇರಿ ಪ್ರಿಂಟರೂ ಶುರು. ಮಾಲಕರು ಬಗ್ಗಿ ನೋಡಿ, ಇಷ್ಟು ದಿನ ಈ ಗುಂಡಿ ಎಂತಕ್ಕೆ ಸುಮ್ಮನಿತ್ತು ಎಂದು ನನಗೇ ಬೈದರು.

೨. ರವಾನೆ

ಒಂದು ದಿನ ಅಂಕೋಲೆಯ ನಮ್ಮ ಇನ್ನೊಂದು ಅಂಗಡಿಯಿಂದ ಮಾಲಕರ ಫೋನು. ಇಲ್ಲಿಯ ಎಫ್-ಒಂಬತ್ತು ಸತ್ತಿದೆ, ನಿನ್ನದನ್ನು ಕಿತ್ತು ಬಸ್ಸಿನಲ್ಲಿ ಕಳಿಸು ಎಂದರು. ಕಮಾಂಡ್ ಇರುವುದು ಗುಂಡಿಯಲ್ಲಲ್ಲ, ನಮ್ಮ ಎಡಿಟರಿನಲ್ಲಿ ಎಂದೆ. ಎದುರು ಮಾತು ಬೇಡ ಎಂದರು. ಕೆಲಸದ ಪ್ರಶ್ನೆ, ಕಿತ್ತು ಲಕೋಟೆಗೆ ಹಾಕಿದೆ. ಅಲ್ಲಿ ಅದು ಚೆಂದ ಕೂತಿತು, ಏನೂ ಮಾಡಲಿಲ್ಲ. ಇಲ್ಲಿ ಖಾಲಿ ಕುಳಿಗೆ ಬೆರಳಿಟ್ಟರೂ ಕಾಗದ ಬರುತ್ತಿತ್ತು. ಮಾಲಕರು ಎರಡೂ ಕಡೆ ಒತ್ತಿ ನೋಡಿ, ತಲೆ ಕೆರೆದುಕೊಂಡು, ಅಂಕೋಲೆಯ ಕರೆಂಟೇ ಸರಿಯಿಲ್ಲ ಎಂದು ತೀರ್ಮಾನಿಸಿದರು.

೩. ಪೂಜೆ

ಗುಂಡಿ ಮರಳಿ ಬಂತು. ಆಯುಧಪೂಜೆಯ ದಿನ ಮಾಲಕರು ಅದಕ್ಕೆ ಬೆರಳು ತುಂಬ ಗಂಧ, ಕುಂಕುಮ ಹಚ್ಚಿದರು. ಮರುದಿನ ಅಗಸೂರಿನವರೊಬ್ಬರು ತಾಯಿಯ ಹನ್ನೆರಡನೇ ದಿನದ ಕಾರ್ಯದ ಕಾಗದಕ್ಕೆ ಬಂದರು. ಅವರಿಗೆ ಬಸ್ಸಿನ ಗಡಿಬಿಡಿ. ನಾನು ಬರೀ ಪ್ರಿಂಟ್ ಮಾಡುವ ಎಫ್-ಹತ್ತನ್ನು ಒತ್ತಿದೆ. ಎರಡರ ನಡುವೆ ಒಣಗಿದ್ದ ಗಂಧದ ಅಂಟಿಗೆ ಪಕ್ಕದ ಎಫ್-ಒಂಬತ್ತೂ ಜೊತೆಗೇ ಇಳಿಯಿತು. ಅವರು ಬಿಸಿ ಬಿಸಿ ಕಟ್ಟು ಬಗಲಿಗಿಟ್ಟು ಓಡಿದ ಮೇಲೆ ಸ್ಕ್ರೀನ್ ನೋಡುತ್ತೇನೆ, ಅವರ ತಾಯಿಯ ಕಾರ್ಯದ ಕಾಗದದ ಕೆಳಗೆ 'ನಮ್ಮ ಅಕ್ಕನ ಮದುವೆಗೆ ತಪ್ಪದೇ ಬನ್ನಿ'. ರಸ್ತೆಗೆ ಓಡಿದೆ, ಬಸ್ಸು ಹೋಗಿಯಾಗಿತ್ತು. ಮಾಲಕರಿಗೆ ಹೇಳಿದೆ. ಆ ಮನುಷ್ಯ ಬೈಯಲು ಬರಲಿ, ಆಮೇಲೆ ನಿನ್ನ ಕೆಲಸದ್ದು ನೋಡುವಾ ಎಂದರು.

ಹತ್ತು ದಿನಕ್ಕೆ ಆ ಮನುಷ್ಯ ಬಂದರು. ನಾನು ಚೀಲ ಹೆಗಲಿಗೇರಿಸಿಯೇ ಎದ್ದು ನಿಂತೆ.

"ನಮ್ಮ ಮನೆ ಕಾರ್ಯಕ್ಕೆ ಅಷ್ಟು ಜನ ಯಾವತ್ತೂ ಬಂದವರಲ್ಲ ಮಾರಾಯಾ. ಬಂದವರೆಲ್ಲ ಅಕ್ಕ ಯಾರು, ಅಕ್ಕ ಯಾರು ಅಂತ ಕೇಳಿದ್ರು. ಮಗಳನ್ನು ತೋರಿಸ್ದೆ. ಗಂಡು ಗೊತ್ತಾಯ್ತು. ಸಾವಾದ ಮನೆ, ವರ್ಷದೊಳಗೇ ಮಾಡ್ಬೇಕು, ಮದುವೆ ಕಾಗದ ಹೊಡಿ."

ಮಾಲಕರು ನನ್ನ ಮುಖ ನೋಡಿದರು, ಕೀಬೋರ್ಡು ನೋಡಿದರು. ನೀನು ಕಾಯಂ ಎಂದರು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ನೋಡುವಷ್ಟರಲ್ಲಿ ಅವರು ಕುಂಕುಮದ ಡಬ್ಬಿ ಹಿಡಿದು ಮತ್ತೆ ಎಫ್-ಒಂಬತ್ತಿನ ಮುಂದೆ ನಿಂತಿದ್ದರು.