ಜಾಗ ಖಾಲಿ ಬಿಡಿ

ಓದಲು ಬಾರದವನ ತಪ್ಪನ್ನು ಲೋಕ ಹೇಗೋ ಮನ್ನಿಸುತ್ತದೆ. ಓದಿ, ಅರ್ಥ ಮಾಡಿಕೊಂಡು, ಆಮೇಲೆ ತಪ್ಪು ಮಾಡುವವರ ಜಾತಿಯೇ ಬೇರೆ. ನಾನು ಆ ಜಾತಿಯವನು. ‘ಗೇಟಿನ ಮುಂದೆ ವಾಹನ ನಿಲ್ಲಿಸಬಾರದು’ ಎಂದು ಬರೆದ ಗೇಟಿನ ಮುಂದೆಯೇ ಸ್ಕೂಟರ್ ನಿಲ್ಲಿಸಿ, ‘ಎರಡೇ ನಿಮಿಷ ಸಾರ್’ ಎನ್ನುತ್ತಾ ಬೆಂಗಳೂರಿನಲ್ಲಿ ಬೆಳೆದೆ. ಸ್ವೀಡನ್ನಿಗೆ ಬಂದು ಆರು ವರ್ಷವಾಗಿದೆ. ಸಾಲಿನಲ್ಲಿ ನಿಲ್ಲುವುದು, ಕಸ ವಿಂಗಡಿಸುವುದು, ಫಿಕಾ ಎಂಬ ಕಾಫಿ ವಿರಾಮಕ್ಕೆ ಕರೆದರೆ ಕೆಲಸ ಬಿಟ್ಟು ಎದ್ದು ಹೋಗುವುದು ಎಲ್ಲ ಕಲಿತೆ. ಆ ಎರಡು ನಿಮಿಷ ಮಾತ್ರ ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಇದನ್ನೂ ಹೇಳಿಬಿಡುತ್ತೇನೆ, ನೀವು ನಗಬಹುದು: ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ನನ್ನ ಉದ್ಯೋಗ, ಕಾರುಗಳಲ್ಲಿ ಎಚ್ಚರಿಕೆಯ ದೀಪಗಳು ಸರಿಯಾಗಿ ಹತ್ತುತ್ತವೆಯೇ ಎಂದು ಪರೀಕ್ಷಿಸುವುದು.

ಕಳೆದ ಮೇ ತಿಂಗಳ ಹೊತ್ತಿಗೆ ನನಗೆ ಫೋಟೋಗ್ರಫಿಯ ಹುಚ್ಚು ಹತ್ತಿತ್ತು. ಅದಕ್ಕೂ ಮುಂಚೆ ಗಿಟಾರಿನ ಹುಚ್ಚು, ಅದಕ್ಕೂ ಮುಂಚೆ ಮನೆಯಲ್ಲೇ ಬ್ರೆಡ್ ಮಾಡುವ ಹುಚ್ಚು ಹತ್ತಿ ಇಳಿದಿದ್ದವು. ಹಾಗಾಗಿ ಹೊಸ ಕ್ಯಾಮೆರಾ ಬಂದಾಗ ಹೆಂಡತಿ ವಿನುತಾ, “ಇದನ್ನ ಗಿಟಾರ್ ಪಕ್ಕ ಇಡೋಕೆ ಜಾಗ ಮಾಡ್ಲಾ ಈಗ್ಲೇ?” ಎಂದಷ್ಟೇ ಕೇಳಿದಳು. ಛಲ ಬಂತು. ಒಂದು ಶನಿವಾರ ಅವಳನ್ನೂ ಒಂಬತ್ತು ವರ್ಷದ ಮಗಳು ಅನ್ವಿಯನ್ನೂ ಕಾರಿಗೆ ತುಂಬಿಕೊಂಡು, ಒಂದೂವರೆ ಗಂಟೆ ದೂರದ ಕಡಲತೀರದ ಪುಟ್ಟ ಊರಿಗೆ ಹೊರಟೆ.

ಬೋಳು ಬಂಡೆಗಳು, ಕೆಂಪು ಮರದ ಗುಡಿಸಲುಗಳು, ತಿಂಡಿಯ ಮೇಲೆ ಕಣ್ಣಿಟ್ಟ ಕಡಲಹಕ್ಕಿಗಳು. ಇವೆಲ್ಲದರ ನಡುವೆ ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ರಕ್ಷಣಾ ದೋಣಿಯ ಕೇಂದ್ರ. ಅಲ್ಲಿ ಲೆನಾ ಎಂಬ ಹೆಂಗಸು ಸಿಕ್ಕರು. ಐವತ್ತರ ಆಸುಪಾಸು, ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ, ಉಳಿದ ಹೊತ್ತು ಸಂಬಳವಿಲ್ಲದೆ ಈ ದೋಣಿಯ ಸೇವೆ. ಕಿತ್ತಳೆ ಬಣ್ಣದ ದೋಣಿಯನ್ನು ಇಂಗ್ಲಿಷಿನಲ್ಲಿ ವಿವರಿಸಿ ತೋರಿಸಿದರು. ಅನ್ವಿಗೆ ತಮ್ಮ ಹೆಲ್ಮೆಟ್ ಹಾಕಿದರು. ಕರೆ ಬಂದರೆ ಕೆಲವೇ ನಿಮಿಷದಲ್ಲಿ ಹೊರಡಬೇಕು ಎಂದೂ ಹೇಳಿದರು. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನನ್ನ ತಲೆಯಲ್ಲಿ ಇದ್ದದ್ದು ಫೋಟೋಗೆ ಬೇಕಾದ ಬೆಳಕು ಒಂದೇ.

ದೋಣಿಯನ್ನು ಎದುರಿನಿಂದ ತೆಗೆಯಲು ಒಳ್ಳೆಯ ಜಾಗವೆಂದರೆ, ಕೇಂದ್ರದ ಬಾಗಿಲಿನಿಂದ ದೋಣಿಗೆ ಹೋಗುವ ಕಿರಿದಾದ ಮರದ ಕಟ್ಟೆ. ಅಲ್ಲೇ ಟ್ರೈಪಾಡ್ ನಿಲ್ಲಿಸಿದೆ. ಪಕ್ಕದಲ್ಲೇ ಹಳದಿ ಫಲಕ. ಅನ್ವಿ ಅದನ್ನು ಓದಿ ಸ್ವೀಡಿಷ್‌ನಲ್ಲೇ, “ಪಪ್ಪಾ, ದೇ ಸ್ಟೋರ್ ‘ಹೋಲ್ ಫ್ರಿತ್’!” ಎಂದಳು.

“ಗೊತ್ತು ಪುಟ್ಟಿ, ಜಾಗ ಖಾಲಿ ಬಿಡಿ ಅಂತ. ಎರಡೇ ನಿಮಿಷ.”

ಎರಡನೆಯ ನಿಮಿಷದಲ್ಲಿ ಕರೆ ಬಂತು. ಹೊರಗೆಲ್ಲೋ ಹಾಯಿದೋಣಿಯೊಂದು ಮಗುಚಿ, ಒಬ್ಬಾತ ನೀರಿನಲ್ಲಿದ್ದ. ಬಾಗಿಲು ದಡಾರನೆ ತೆರೆಯಿತು. ಮೂವರು ಓಡಿ ಬಂದರು. ಮೊದಲಿಬ್ಬರು ಹಾರಿ ದಾಟಿದರು. ಮೂರನೆಯವರು ಲೆನಾ. ನಾನು ಟ್ರೈಪಾಡನ್ನು ಎತ್ತಿಕೊಳ್ಳಲು ಹೋಗಿ ಅದರ ಕಾಲನ್ನು ಸರಿಯಾಗಿ ಅವರ ಕಾಲಿಗೇ ಕೊಟ್ಟೆ. ಅವರು ಕೈಯೂರಿ ಬಿದ್ದರು. ಕ್ಯಾಮೆರಾ ಸಮುದ್ರಕ್ಕೆ ಬಿತ್ತು. ಆಗ ನನ್ನ ಬಾಯಿಂದ ಹೊರಟ ಮಾತನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. “ಅಯ್ಯೋ, ನನ್ನ ಕ್ಯಾಮೆರಾ!”

ಲೆನಾ ಎದ್ದು ದೋಣಿಯತ್ತ ಎರಡು ಹೆಜ್ಜೆ ಹಾಕಿದರು. ಮಣಿಕಟ್ಟು ಆಗಲೇ ಊದುತ್ತಿತ್ತು. ದೋಣಿಯಲ್ಲಿದ್ದವನು ನೋಡಿ, ಬೇಡ ಎಂದು ತಲೆಯಾಡಿಸಿದ. ದೋಣಿ ಇಬ್ಬರನ್ನೇ ಹೊತ್ತು ಹೋಯಿತು. ವಿನುತಾ ತನ್ನ ದುಪಟ್ಟಾದಿಂದ ಅವರ ಕೈಯನ್ನು ಕುತ್ತಿಗೆಗೆ ಕಟ್ಟಿದಳು. ಬಗ್ಗಿದವಳು ನನ್ನ ಕಿವಿಯ ಹತ್ತಿರ, “ಪುಣ್ಯಕ್ಕೆ ಕನ್ನಡದಲ್ಲಿ ಕಿರುಚಿದ್ರಿ” ಎಂದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಅಷ್ಟು ಮೆಲ್ಲಗೆ ಬೈದದ್ದು ಅದೇ ಮೊದಲು.

ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದೆ. ದೋಣಿ ಬರುವವರೆಗೆ ಕದಲುವುದಿಲ್ಲ ಎಂದರು. ಹಾಗಾಗಿ ನಾವು ನಾಲ್ವರೂ ಬೆಂಚಿನ ಮೇಲೆ ಕುಳಿತು ಸಮುದ್ರ ನೋಡಿದೆವು. ವಿನುತಾ ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಕಾಫಿ ಗಾಳಿಗೆ ಆರಿತು. ನಾನು ಜೀವಮಾನದಲ್ಲಿ ನೆನೆಯದ ದೇವರುಗಳನ್ನೆಲ್ಲ ನೆನೆದೆ. ಆ ಮನುಷ್ಯನಿಗೇನಾದರೂ ಆಗಿದ್ದರೆ, ದೋಣಿಯಲ್ಲಿ ಒಂದು ಜೊತೆ ಕೈ ಕಡಿಮೆಯಾದದ್ದು ನನ್ನಿಂದ. ಸುಮಾರು ಒಂದು ಗಂಟೆಯ ನಂತರ ದೋಣಿ ಬಂತು. ಕಂಬಳಿ ಹೊದ್ದ ಮುದುಕನೊಬ್ಬ ನಡುಗುತ್ತಾ, ತಾನೇ ಕಾಲೂರಿ ಇಳಿದ. ಲೆನಾ ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗ ಅತ್ತರು.

ಆಮೇಲೆ ಅವರು ನನ್ನ ಕಡೆ ತಿರುಗಿ ಮೃದುವಾಗಿ ಕೇಳಿದರು: “ಬೋರ್ಡು ಸ್ವೀಡಿಷ್‌ನಲ್ಲಿ ಮಾತ್ರ ಇದೆ. ನಿಮಗೆ ಅರ್ಥ ಆಗಿಲ್ಲ, ಅಲ್ವಾ?”

ನಾನು ತಲೆಯಾಡಿಸಿದೆ. “ಹೌದು, ಅರ್ಥ ಆಗ್ಲಿಲ್ಲ.” ಅನ್ವಿ ನನ್ನ ಮುಖವನ್ನೇ ನೋಡಿದಳು. ದಾರಿಯುದ್ದಕ್ಕೂ ಏನೂ ಅನ್ನಲಿಲ್ಲ. ಮಕ್ಕಳು ಜಗಳವಾಡಿದರೆ ಸಮಾಧಾನ ಮಾಡಬಹುದು, ಸುಮ್ಮನಿದ್ದರೆ ಏನು ಮಾಡುವುದು?

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಬೇಸಿಗೆಯ ಬಹುಪಾಲು ದೋಣಿ ಹತ್ತುವಂತಿಲ್ಲ ಎಂದು ವಿನುತಾ ಫೋನ್ ಮಾಡಿ ತಿಳಿದುಕೊಂಡಳು. ನಾನು ಮೂರು ಸಂಜೆ ಕುಳಿತು ಲೆನಾಗೆ ಸ್ವೀಡಿಷ್‌ನಲ್ಲೇ ಪತ್ರ ಬರೆದೆ. ಫಲಕ ನನಗೆ ಪೂರ್ತಿ ಅರ್ಥವಾಗಿತ್ತು, ಸುಳ್ಳು ಹೇಳಿದೆ, ಕ್ಷಮಿಸಿ ಎಂದು. ಉತ್ತರ ವಾರದೊಳಗೇ ಬಂತು. ‘ನನಗೆ ಗೊತ್ತಿತ್ತು. ನೀವು ಮಗಳಿಗೆ ಏನೋ ಹೇಳಿದ್ದನ್ನು ಕಿಟಕಿಯಿಂದ ಕಂಡಿದ್ದೆ. ಅವಳು ಫಲಕದತ್ತ ಬೆರಳು ತೋರಿಸುತ್ತಿದ್ದಳು. ಮಗುವಿನೆದುರು ನಿಮ್ಮ ಮುಖ ಉಳಿಯಲಿ ಎಂದು ಹಾಗೆ ಕೇಳಿದೆ. ಅದು ತಪ್ಪಾಯಿತೇನೋ. ನಾಚಿಕೆಪಡುವಂಥದ್ದು ಎಲ್ಲರ ಬಾಳಿನಲ್ಲೂ ಇರುತ್ತದೆ.’

ಅನ್ವಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಪತ್ರವನ್ನೂ ಅವರ ಉತ್ತರವನ್ನೂ ಗಟ್ಟಿಯಾಗಿ ಓದಿದೆ. ಅವಳು ಕೊನೆಯವರೆಗೂ ಗಂಭೀರವಾಗಿ ಕೇಳಿದಳು. ನಾಚಿಕೆಗೆ ಸ್ವೀಡಿಷ್‌ನಲ್ಲಿರುವ ಕ್ರಿಯಾಪದ ಬಂದಾಗ ನಾನು ‘ಸ್ಕೆಮ್ಸ್’ ಎಂದು ಓದಿದೆ.

“ಸ್ಕೆಮ್ಸ್ ಅಲ್ಲ ಪಪ್ಪಾ, ಶೆಮ್ಸ್,” ಎಂದಳು. “ಇನ್ನೊಂದ್ಸಲ ಹೇಳು.”

ಹೇಳಿದೆ. ಸರಿಯಾಗಲಿಲ್ಲ. ಇನ್ನೊಂದು ಸಲ ಹೇಳಿಸಿದಳು. ಆರು ವರ್ಷದಿಂದ ಈ ದೇಶದಲ್ಲಿದ್ದರೂ ಆ ಒಂದು ಪದ ಬಳಸುವ ಸಂದರ್ಭ ನನಗೆ ಬಂದೇ ಇರಲಿಲ್ಲವೋ, ಬಂದಾಗಲೆಲ್ಲ ನಾನು ಪಕ್ಕಕ್ಕೆ ಸರಿದಿದ್ದೆನೋ, ತಿಳಿಯದು. ಈಗ ಕಾರು ಓಡಿಸುವಾಗ ಒಬ್ಬನೇ ಅಭ್ಯಾಸ ಮಾಡುತ್ತೇನೆ. ಇನ್ನೂ ಪೂರ್ತಿ ಬಂದಿಲ್ಲ.