ಗ್ರೀಕ್ ರಾಜನಿಗೆ ಪಾಲಿಶ್

ಹಿತ್ತಾಳೆ ನಲ್ಲಿಗೆ ಪಾಲಿಶ್ ಹಾಕುವುದರಲ್ಲಿ ಇಡೀ ಕಾಮಾಕ್ಷಿಪಾಳ್ಯದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಪಾಲಿಶ್ ಮಾಡಿದ ನಲ್ಲಿಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು.

ನನ್ನ ತಮ್ಮ ಮಂಜನಿಗೆ ಹಳೇ ನಾಣ್ಯದ ಹುಚ್ಚು. ಬೈಕಿಗೆಂದು ಕೂಡಿಟ್ಟಿದ್ದ ದುಡ್ಡು ಸುರಿದು ಒಂದು ಗ್ರೀಕ್ ಕಂಚಿನ ನಾಣ್ಯ ತಂದಿದ್ದ. ಅಲೆಕ್ಸಾಂಡರ್ ಸತ್ತ ಮೇಲೆ ಆಳಿದ ಯಾವನೋ ರಾಜನದ್ದಂತೆ. ಯಾವ ರಾಜ ಅನ್ನೋದನ್ನು ಅದರ ಮೇಲಿನ ತಲೆಯ ಪಕ್ಕದ ಸಣ್ಣ ಅಕ್ಷರ ನೋಡಿ ನಾಗರಬಾವಿಯ ಅವನ ಮೇಷ್ಟ್ರು ಹೇಳಬೇಕಿತ್ತು. ಆಯುಧಪೂಜೆ ದಿನ ಬರ್ತೀನಿ ಅಂದಿದ್ದರು. ಅಂದು ಬೆಳಿಗ್ಗೆ ಹುಡುಗ ಸಂಭ್ರಮದಲ್ಲಿ ತಿಂಡಿ ಕೂಡ ತಿನ್ನದೆ ಅವರನ್ನು ಕರೆತರಲು ಹೋದ.

ನಾನು ಸ್ಪ್ಯಾನರು, ಈಳಿಗೆಮಣೆ, ಸ್ಕೂಟರ್ ಎಲ್ಲವನ್ನೂ ತೊಳೆದು ಪೂಜೆಗೆ ಸಾಲಾಗಿ ಇಟ್ಟೆ. ನಾಣ್ಯ ಮಾತ್ರ ಡಬ್ಬಿಯೊಳಗೆ ಹಸಿರು ಕಿಲುಬು ಹಿಡಿದು ಮಲಗಿತ್ತು. ಪಾಲಿಶ್‌ನವನ ಮನೆಯಲ್ಲಿ ಇಂಥದ್ದನ್ನು ಮೇಷ್ಟ್ರಿಗೆ ತೋರಿಸುವುದೇ?

ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ರಾಜನ ಮೂಗು ಕಂಡಿತು.

"ಮಂಜಂದು ಕಣ್ರೀ ಅದು. ಒಂದ್ಮಾತು ಕೇಳಿ ಮಾಡಿ," ಅಂದಳು ಹೆಂಡತಿ.

"ಲೋಹದ ವಿಷಯ ನಿಂಗೇನ್ ಗೊತ್ತು, ಸುಮ್ನಿರೇ."

ಗೊತ್ತಿದ್ದ ನಾನು ಅದನ್ನು ಶೆಡ್ಡಿಗೆ ಒಯ್ದು ಪಾಲಿಶ್ ಚಕ್ರಕ್ಕೆ ಕೊಟ್ಟೆ. ಚಕ್ರ ಅದನ್ನು ಕಸಿದು ಎಸೆಯಿತು. ದೃಷ್ಟಿ ತೆಗೆಯಲು ಇಟ್ಟಿದ್ದ ಬೂದುಗುಂಬಳಕ್ಕೆ ಹೋಗಿ ನಾಟಿತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು ಎಂಬುದು ನಮ್ಮ ವೃತ್ತಿಗೌರವಕ್ಕೆ ತಕ್ಕುದಲ್ಲವೆಂದು ಮನಗಂಡು, ಕಿತ್ತು ತಂದು ಎರಡೂ ಕಡೆ ಚಕ್ರಕ್ಕೆ ಹಿಡಿದೆ. ಆಮೇಲೆ ಅರಿಶಿನ ಕುಂಕುಮ ಇಟ್ಟು ಸ್ಪ್ಯಾನರಿನ ಪಕ್ಕ ಒಂದು ತಟ್ಟೆಯಲ್ಲಿ ಕೂರಿಸಿದೆ.

ಮಂಜ ಮೇಷ್ಟ್ರ ಜೊತೆ ಬಂದ. "ಅಣ್ಣ, ಡಬ್ಬಿ ಖಾಲಿ ಇದೆಯಲ್ಲೋ. ನಾಣ್ಯ ಎಲ್ಲಿ?"

ನಗುತ್ತಾ ತಟ್ಟೆ ಮುಂದೆ ಹಿಡಿದೆ. ಮೇಷ್ಟ್ರು ಕುಂಕುಮ ಒರೆಸಿ, ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಷರವಿಲ್ಲ. ಮೂಗೂ ಇಲ್ಲ.

"ಇದು ಯಾರ ಕಾಲದ್ದಪ್ಪಾ?"

ಮಂಜ ನನ್ನ ಕಡೆ ತಿರುಗದೆ ಹೇಳಿದ: "ಬೆಳಿಗ್ಗೆವರೆಗೂ ಗ್ರೀಕರ ಕಾಲದ್ದು ಸಾರ್. ಈಗ ನಮ್ಮಣ್ಣನ ಕಾಲದ್ದು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಮೇಷ್ಟ್ರನ್ನು ಕಳಿಸಿ ಬಂದು ನಾಣ್ಯವನ್ನು ನನ್ನ ಅಂಗೈಗೆ ಇಟ್ಟು, "ನೀನೇ ಇಟ್ಕೊಳಣ್ಣ," ಅಂದ.

ಈಗ ಅದು ನನ್ನ ಗಡ್ಡದ ಸಾಮಾನಿನ ಪಕ್ಕದಲ್ಲಿದೆ. ಪಾಲಿಶ್ ಬಗ್ಗೆ ಯಾರೂ ದೂರುವಂತಿಲ್ಲ. ರಾಜನಿದ್ದ ಜಾಗದಲ್ಲಿ ದಿನಾ ಬೆಳಿಗ್ಗೆ ಒಬ್ಬ ಪೆದ್ದನ ಮುಖ ಬಲು ಸ್ಪಷ್ಟವಾಗಿ ಕಾಣುತ್ತದೆ.