ಮಾಫಿಯ ಕರ್ಚಿಕಾಯಿ

ನಮ್ಮ ಚಿಗವ್ವನಂಥ ಪಾಪಿ ಈ ಜಿಲ್ಲೆಯಲ್ಲೇ ಇನ್ನೊಬ್ಬಳಿಲ್ಲ. ಇದು ನಾನು ಹೊರಿಸಿದ ಆರೋಪವಲ್ಲ, ಅವಳೇ ಮಾಡಿಕೊಂಡ ಅನೌನ್ಸ್‌ಮೆಂಟು! ಅವ್ವನ ಕೊನೆಯ ತಂಗಿ ಅವಳು, ನನಗಿಂತ ತುಸುವೇ ದೊಡ್ಡವಳು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಲೇ ಮುದುಕಿಯಾದಳು. ಹಣೆ ಬಾಗಿಲಿಗೆ ಬಡಿದರೆ ಬಾಗಿಲಿಗೇ ಸಾರಿ ಹೇಳುವ ಜೀವ.

ಒಮ್ಮೆ ಬಾದಾಮಿಯಿಂದ ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಅವಳ ಕಾಲು ತುಳಿದ. ಅವನು ಬಾಯಿ ತೆರೆಯುವ ಮೊದಲೇ ಇವಳು ಕೈಮುಗಿದಳು: "ತಪ್ಪಾತೋ ಯಪ್ಪಾ, ನಿನ್ನ ಕಾಲ ಬರೂ ಜಾಗಾದಾಗ ನಂದ ಇಟ್ಟಿದ್ನಿ." ಊರು ಬರುವವರೆಗೆ ಆ ಮನುಷ್ಯ ನಮ್ಮ ಕಡೆ ತಲೆಯೆತ್ತಿ ನೋಡಲಿಲ್ಲ!

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. 'ಸಾರಿ' ಎಂಬುದನ್ನು ಕರ್ಚೀಫಿನಂತೆ ಮಡಚಿಟ್ಟುಕೊಂಡು ಬೇಕಾದಾಗ ಮಾತ್ರ ತೆಗೆಯಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಚಿಗವ್ವ ಅದನ್ನು ಸೆರಗಿನಂತೆ ದಿನವಿಡೀ ಹೊದ್ದೇ ಇರುತ್ತಾಳೆ. ಚರ್ಚಿನಲ್ಲಿ ಪಾಪದ ಅರಿಕೆ ಮುಗಿದು, ಎಲ್ಲರೂ ಆಮೆನ್ ಅಂದು ಕೂತರೂ ಇವಳದು ನಡೆದೇ ಇರುತ್ತದೆ.

"ದೇವರು ಕ್ಷಮಿಸ್ಯಾನ್ರಿ ಅಮ್ಮಾರ, ಕುಂಡರ್ರಿ," ಎಂದರು ಪಾಸ್ಟರ್ ಒಮ್ಮೆ.

"ಅದು ಹೋದ ವಾರದ್ದು ಇರಬೇಕ್ರಿ ಪಾಸ್ಟರ್. ಈ ವಾರದ್ದು ಇನ್ನೂ ಆತಗ ಮುಟ್ಟಿಲ್ಲ!"

ದಸರೆಯಲ್ಲಿ ನಮ್ಮ ಕಡೆ ಬನ್ನಿ ಕೊಟ್ಟು ಮನಸ್ತಾಪ ಮರೆಯುತ್ತಾರಲ್ಲ, ಅದನ್ನು ನೋಡಿ ನೋಡಿ ಚಿಗವ್ವ ಕ್ರಿಸ್‌ಮಸ್ಸಿಗೂ ಒಂದು ಪದ್ಧತಿ ಹಚ್ಚಿಕೊಂಡಳು. ಆರಾಧನೆ ಮುಗಿದದ್ದೇ ತಾಟಿನ ತುಂಬ ಕರ್ಚಿಕಾಯಿ ಹಿಡಿದು ಓಣಿಯ ಮನೆಮನೆಗೆ ಹೋಗಿ ಮಾಫ್ ಕೇಳುವುದು. ಮಾಫಿ ಕೊಡುವವರು ಅವಳ ಕಣ್ಣೆದುರೇ ಅದನ್ನು ತಿನ್ನಬೇಕು. ಬರೀ ಬಾಯಿಮಾತಿನ ಮಾಫಿ ಅವಳಿಗೆ ನಡೆಯದು!

"ಅಕ್ಕಾ, ನೀ ಏನ್ ತಪ್ಪ ಮಾಡೀಬೇ?" ಎದುರುಮನೆಯ ಗೌರಕ್ಕ ಕೇಳುತ್ತಾಳೆ.

"ಮಾಡಿರ್ತೇನಿ. ನೀನ ಸ್ವಲ್ಪ ನೆನಪ ಮಾಡ್ಕೊ."

ಮಗ್ಗುಲಮನೆಯ ಖೈರುನ್‌ಬಿಗೆ ಶುಗರ್. "ನಿನ್ನ ಮಾಫಿ ತಿಂದ ತಿಂದ ನಾ ದವಾಖಾನಿ ಪಾಲಾಗ್ತೇನಿ ನೋಡ," ಎಂದು ಗೊಣಗುತ್ತಲೇ ಅಂಚು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. "ಹಂಗಂದ್ರ ಶುಗರಿಂದೂ ಸೇರಿಸಿ ಮಾಫ್ ಮಾಡವಾ!" ಎನ್ನುತ್ತಾಳೆ ಇವಳು.

ಆದರೆ ಓಣಿ ವರ್ಷ ವರ್ಷಕ್ಕೂ ಬರಿದಾಗುತ್ತಿದೆ. ಮಗ್ಗದ ಸದ್ದು ನಿಂತ ಮನೆಗಳಿಗೆ ಬೀಗ ಬಿದ್ದಿದೆ. ತೀರಿಕೊಂಡವರನ್ನೂ ಚಿಗವ್ವ ಬಿಟ್ಟವಳಲ್ಲ! ಸಮಾಧಿಯ ಕಲ್ಲಿನ ಮೇಲೆ ಒಂದು ಕರ್ಚಿಕಾಯಿ ಇಟ್ಟು, ಅದಕ್ಕೆ ಇರುವೆ ಮುತ್ತುವವರೆಗೆ ಕಾಯುತ್ತಾಳೆ. ಮೊದಲ ಸಲ ನೋಡಿ ನಕ್ಕೆ. ಆಮೇಲೆ, ಆ ಕಲ್ಲುಗಳ ನಡುವೆ ಕುಕ್ಕರುಗಾಲಲ್ಲಿ ಅವಳೊಬ್ಬಳೇ ಕೂತದ್ದು ಕಂಡು ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಒಬ್ಬರ ಮುಂದೆ ಮಾತ್ರ ಆ ತಾಟು ಹೋದದ್ದಿಲ್ಲ. ಅವಳ ಒಬ್ಬಳೇ ಮಗಳು. ಇಳಕಲ್ಲಿಗೆ ಕೊಟ್ಟಿದೆ. ಕಿವಿ ಕೇಳುವುದಿಲ್ಲ, ಮಾತಿಲ್ಲ, ಕೈಸನ್ನೆಯಲ್ಲೇ ಇಡೀ ಓಣಿಯನ್ನು ನಗಿಸುತ್ತಾಳೆ. ಪ್ರತಿ ಕ್ರಿಸ್‌ಮಸ್ಸಿಗೂ ಬಂದು ಆ ಕರ್ಚಿಕಾಯಿ ಕರಿಯುವವಳೇ ಅವಳು!

"ಆಕಿ ಮುಂದ ಯಾಕ ತಾಟ ಹಿಡಿಯಂಗಿಲ್ಲ?" ಎಂದು ಒಮ್ಮೆ ಕೇಳಿಬಿಟ್ಟೆ.

"ಸಣ್ಣಾಕಿ ಇದ್ದಾಗ ಜ್ವರ ಬಂದಿತ್ತು. ಹಬ್ಬದ ಮುಂದ ಖಣ ಮುಗಿಸಿ ಕೊಡೂದಿತ್ತು. ಇದೊಂದು ಆಗ್ಲಿ, ಆಮ್ಯಾಲ ದವಾಖಾನಿಗೆ ಒಯ್ದರಾತು ಅಂದ್ನಿ. ಮಗ್ಗದ ಸದ್ದಿನಾಗ ಆಕಿ ಅತ್ತದ್ದು ನನಗ ಕೇಳಲಿಲ್ಲ. ಜ್ವರ ಇಳೀತು, ಕಿವಿ ಹೋದುವು. ಈಗ ನಂದು ಆಕಿಗೆ ಕೇಳಂಗಿಲ್ಲ."

"ಲಗೂನ ಒಯ್ದಿದ್ರ ಕಿವಿ ಉಳೀತಿದ್ವು ಅಂತ ಡಾಕ್ಟರು ಹೇಳಿದ್ರೇನು?"

"ಹೇಳಿಲ್ಲ. ತಾಟ ಹಿಡದಾಗ ಆಕಿ ಒಲ್ಲೆ ಅಂದ್ರ? ನಾ ಮುಂದ ಎಲ್ಲಿಗೆ ಹೋಗ್ಲಿ ಹೇಳು?"

ಇಂಗ್ಲಿಷಿನಲ್ಲಿ ಇದಕ್ಕೆ 'ಗಿಲ್ಟ್' ಎಂಬ ಪುಟ್ಟ ಶಬ್ದವಿದೆ. ಸ್ಪೆಲ್ಲಿಂಗ್ ಬರೆಸಿದ ಸಿಸ್ಟರ್ ಅದರ ತೂಕ ಹೇಳಿರಲಿಲ್ಲ.

ಹೋದ ಕ್ರಿಸ್‌ಮಸ್ಸಿಗೆ ಚಿಗವ್ವನ ಮೊಣಕಾಲು ಕೈಕೊಟ್ಟವು. ಚರ್ಚಿಗೂ ಹೋಗಲಾಗಲಿಲ್ಲ. ಪಾಸ್ಟರೇ ಮನೆಗೆ ಬಂದು ಪ್ರಾರ್ಥಿಸಿ, "ಅಮ್ಮಾರ, ಆ ದೇವರ ಕೂಸು ಹುಟ್ಟಿದ್ದ ನಮ್ಮ ಹೊರಿ ಇಳಸಲಿಕ್ಕ. ಇನ್ನರೆ ಕೆಳಗ ಇಡ್ರಿ," ಅಂದರು.

"ಇಡ್ತೇನ್ರಿ. ಎಲ್ಲಿ ಇಡ್ಲಿ, ಜಾಗಾ ತೋರಸ್ರಿ," ಅಂದಳು.

ತಾಟು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಗೌರಕ್ಕ, ಖೈರುನ್‌ಬಿ, ಉಳಿದವರೆಲ್ಲ ತಾವೇ ಬಂದು ತಿಂದು, ಬೈದು, ನಗಿಸಿ ಹೋದರು. ಓಣಿ ಮತ್ತೆ ಖಾಲಿಯಾಯಿತು.

ಆಗ ಮಗಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಅವ್ವನೆದುರು ಕೂತಳು. ಚಿಗವ್ವ ತಾಟನ್ನು ಹಿಂದಕ್ಕೆಳೆದುಕೊಂಡಳು. ಮಗಳು ಬಿಡಲಿಲ್ಲ. ಗಾಳಿಯಲ್ಲೇ ಲಾಳಿ ಎಸೆದು ಮಗ್ಗ ನೇಯ್ದು ತೋರಿಸಿದಳು. ತನ್ನ ಕಿವಿ ಮುಟ್ಟಿದಳು. ಆಮೇಲೆ ನೊಣ ಅಟ್ಟುವಂತೆ ಕೈ ಬೀಸಿದಳು, ಹೋಗಲಿ ಬಿಡು ಎಂದು. ಯಾರು ಹೇಳಿದ್ದರೋ, ಎಂದಿನಿಂದ ಗೊತ್ತಿತ್ತೋ! ತಾಟಿನಿಂದ ಒಂದು ಕರ್ಚಿಕಾಯಿ ಎತ್ತಿ, ಮುರಿದು, ಅವ್ವನ ಕಣ್ಣೆದುರೇ ತಿಂದಳು. ಉಳಿದರ್ಧವನ್ನು ಅವ್ವನ ಬಾಯಿಗಿಟ್ಟಳು.

ಚಿಗವ್ವ ಅಗಿಯುತ್ತ ಅತ್ತಳು. ಬಾಯಿಂದ ಹೂರಣ ಮಗಳ ಹೊಸ ಸೀರೆಯ ಮೇಲೆಲ್ಲ ಉದುರಿತು. ಸಾರಿ ಹೇಳುವುದು ಅವಳಿಗೆ ನೆನಪೇ ಆಗಲಿಲ್ಲ.